ಫ್ಲ್ಯಾಪ್ ಎತ್ತಿ ನೋಡದೆ ಸ್ಯಾಡಲ್ ಕೊಳ್ಳಬೇಡಿ

ಎಡಗಡೆ ಕಾಲರ್ ಬೋನ್ ಮುರಿದುಕೊಂಡು ಆರು ವಾರ ಮನೆಯಲ್ಲೇ ಇದ್ದೆ. ಈಗ ಎರಡೂ ಕೈಯಲ್ಲಿ ಟೈಪ್ ಮಾಡೋಕೆ ಆಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬಿದ್ದಿದ್ದು ಕುದುರೆಯ ತಪ್ಪಿನಿಂದಲ್ಲ. ಶೇಕಡಾ 60 ರಿಯಾಯಿತಿಗೆ ಸಿಕ್ಕಿತು ಅಂತ ಖುಷಿಪಟ್ಟು ನಾನೇ ತರಿಸಿಕೊಂಡ ಜೀನು, ಅಂದರೆ ಸ್ಯಾಡಲ್‌ನಿಂದ.

ನನ್ನ ಕುದುರೆ ಚಂದ್ರಿ, ರೇಸ್ ಬಿಟ್ಟು ಬಂದ ಥರೋಬ್ರೆಡ್ ತಳಿ. ಬೆಂಗಳೂರಿನ ಸುತ್ತಮುತ್ತ ಸವಾರಿ ಕಲಿಸುವ ಕಡೆ ಇಂಥವು ಬೇಕಾದಷ್ಟಿವೆ. ಮೈ ತೆಳು, ಚರ್ಮ ಇನ್ನೂ ತೆಳು. ಕತ್ತು ಬಂದು ಬೆನ್ನಿಗೆ ಸೇರುವ ಕಡೆ ಏಣು ಎದ್ದಿರುತ್ತಲ್ಲ, ವಿದರ್ಸ್ ಅನ್ನೋದು, ಅದು ಇವಳಿಗೆ ಸ್ವಲ್ಪ ಜಾಸ್ತಿನೇ ಎತ್ತರ. ಹಳೇ ಸ್ಯಾಡಲ್ ಸವೆದಿತ್ತು. ಒಳ್ಳೆಯದು ತಗೋಬೇಕು ಅಂದರೆ ಬೆಲೆ ಕೇಳಿಯೇ ಎದೆ ಧಸಕ್ ಅನ್ನುತ್ತಿತ್ತು. ಅಷ್ಟರಲ್ಲಿ ಆ ಜಾಹೀರಾತು ಕಣ್ಣಿಗೆ ಬಿತ್ತು. ಎಕ್ಸ್‌ಪೋರ್ಟ್ ಸರ್‌ಪ್ಲಸ್, ಪ್ಯೂರ್ ಲೆದರ್, ಎಂಆರ್‌ಪಿ 36,000, ಇವತ್ತು ಮಾತ್ರ 14,400. ಜೊತೆಗೆ ಲಗಾಮು, ಕುದುರೆ ಬಾಯೊಳಗೆ ಇಡುವ ಲೋಹದ ಬಿಟ್ ಫ್ರೀ.

ಕಾನ್ಪುರದ ಮಾಲು ಅಂತ ಬರೆದಿದ್ದರು. ನನಗೆ ಅಷ್ಟೇ ಸಾಕಾಯಿತು. ಬ್ರಿಟಿಷರು ತಮ್ಮ ಸೈನ್ಯಕ್ಕೆ ಬೇಕಾದ ಜೀನು, ಲಗಾಮು ಮಾಡಿಸೋಕೆ 1860ರ ದಶಕದಲ್ಲೇ ಅಲ್ಲಿ ಕಾರ್ಖಾನೆ ಹಾಕಿದ್ದರು. ಅಲ್ಲಿಯ ಸ್ಯಾಡಲ್ ಇವತ್ತಿಗೂ ಯುರೋಪಿಗೆ ಹೋಗುತ್ತದೆ, ಅಲ್ಲಿಯ ಜೀನು-ಲಗಾಮು ಕೆಲಸಕ್ಕೆ 'ಕಾನ್ಪುರ್ ಸ್ಯಾಡ್ಲರಿ' ಅಂತ ಊರಿನ ಹೆಸರಿನ ಜಿಐ ಟ್ಯಾಗ್ ಕೂಡ ಇದೆ. ಎಲ್ಲಾ ನಿಜ. ಆದರೆ ಒಂದೇ ಊರಲ್ಲಿ ಒಳ್ಳೇ ಕೈಗೆಲಸವೂ ಆಗುತ್ತದೆ, ಮದುವೆ ಮೆರವಣಿಗೆಗೆ ಒಂದು ದಿನ ತಡೆದರೆ ಸಾಕು ಅನ್ನೋ ಸರಕೂ ತಯಾರಾಗುತ್ತದೆ. ಊರಿನ ಹೆಸರು ನೋಡಿ ಕೊಳ್ಳೋದು, ಮೈಸೂರು ಅಂತ ಬರೆದಿದೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಸಿಲ್ಕ್ ಸೀರೆ ಕೊಂಡ ಹಾಗೆ.

ಡಬ್ಬಿ ಬಿಚ್ಚಿದಾಗ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಕುದುರೆ ನೋಡಿಕೊಳ್ಳುವ ನಮ್ಮ ಸೈಸ್ ಬಗ್ಗಿ ಮೂಸಿ ನೋಡಿ, "ಸಾರ್, ಇದು ಚಪ್ಪಲಿ ಅಂಗಡಿ ವಾಸನೆ ಬರ್ತಾ ಇದೆಯಲ್ಲ" ಅಂದ. ನಾನು ನಕ್ಕೆ. ಅವನು ಹೇಳಿದ್ದು ಸರಿಯಾಗೇ ಇತ್ತು. ಒಳ್ಳೇ ಚರ್ಮಕ್ಕೆ ಮರದ ತೊಗಟೆ, ಎಣ್ಣೆ ಬೆರೆತ ಒಂದು ವಾಸನೆ ಇರುತ್ತದೆ. ಇದಕ್ಕೆ ಬರುತ್ತಿದ್ದದ್ದು ಅಂಟು ಮತ್ತು ಪೇಂಟಿನ ವಾಸನೆ.

ನಾನೇನೂ ಕಣ್ಣು ಮುಚ್ಚಿಕೊಂಡು ತಗೊಂಡವನಲ್ಲ, ಸ್ಕೇಲ್ ಹಿಡಿದು ಹೊಲಿಗೆ ಎಣಿಸಿದ್ದೆ! ಗರ್ತ್ ಅಂದರೆ ಕುದುರೆಯ ಹೊಟ್ಟೆ ಸುತ್ತ ಬಿಗಿಯುವ ತಂಗ್. ಅದನ್ನು ಕಟ್ಟುವ ಪಟ್ಟಿಗಳು ಫ್ಲ್ಯಾಪ್ ಕೆಳಗೆ, ಅಂದರೆ ಸವಾರನ ಕಾಲಿನಡಿ ಇಳಿಬಿದ್ದ ಚರ್ಮದ ಹಾಳೆಯ ಕೆಳಗೆ ಇರುತ್ತವೆ. ಆ ಪಟ್ಟಿಯಲ್ಲಿ ಇಂಚಿಗೆ ಹನ್ನೆರಡು ಹದಿಮೂರು ಹೊಲಿಗೆ. ಎಷ್ಟು ಒತ್ತಾಗಿ ಹಾಕಿದ್ದಾರೆ, ಗಟ್ಟಿ ಮಾಲು ಅಂದುಕೊಂಡೆ. ಅಲ್ಲೇ ಮೋಸ ಹೋಗಿದ್ದು. ಭಾರ ಹೊರುವ ದಪ್ಪ ಪಟ್ಟಿಗೆ ಇಂಚಿಗೆ ಏಳೆಂಟು ಹೊಲಿಗೆ ಸಾಕು. ಅದಕ್ಕಿಂತ ಒತ್ತಾದರೆ ಸೂಜಿ ತೂತುಗಳೆಲ್ಲ ಸಾಲಾಗಿ ಹತ್ತಿರ ಬಂದುಬಿಡುತ್ತವೆ. ಅಂಚೆ ಚೀಟಿ ಹಾಳೆಯಲ್ಲಿ ತೂತಿನ ಸಾಲು ಇರುತ್ತಲ್ಲ, ಹಾಗೆ. ಹರಿಯೋಕೆ ದಾರಿ ಮಾಡಿಕೊಟ್ಟಂತೆ.

ಚಂದ್ರಿ ಮೊದಲ ವಾರದಿಂದಲೇ ಹೇಳುತ್ತಿದ್ದಳು. ಯಾವತ್ತೂ ತಕರಾರು ಮಾಡದವಳು, ಸೈಸ್ ತಂಗ್ ಬಿಗಿಯೋಕೆ ಹೋದರೆ ಕಿವಿ ಹಿಂದಕ್ಕೆ ಮಡಚಿ ಕಚ್ಚೋಕೆ ಬರುತ್ತಿದ್ದಳು. ಸವಾರಿ ಮುಗಿಸಿ ಸ್ಯಾಡಲ್ ತೆಗೆದರೆ ಬೆನ್ನೆಲ್ಲ ಬೆವರು, ವಿದರ್ಸ್‌ನ ಎರಡೂ ಪಕ್ಕ ಅಂಗೈಯಗಲ ಒಣಗಿದ ಜಾಗ. ಅಲ್ಲಿ ಬೆವರೇ ಬರದಷ್ಟು ಒತ್ತುತ್ತಿದೆ ಅಂತ ಅರ್ಥ. ನನಗದು ಗೊತ್ತಿತ್ತು. ಹೊಸದು, ಕೂತುಕೊಂಡು ಕೂತುಕೊಂಡು ಹದಕ್ಕೆ ಬರುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಬಿಳಿ ಸವಾರಿ ಪ್ಯಾಂಟ್‌ಗೆ ಕಂದು ಬಣ್ಣ ಹತ್ತಿತು. ಅದನ್ನೂ ತಳ್ಳಿಹಾಕಿದೆ. ದುಡ್ಡು ಕೊಟ್ಟಾಗಿದೆಯಲ್ಲ.

ಐದನೇ ವಾರ, ಭಾನುವಾರ ಬೆಳಗ್ಗೆ. ಕ್ಯಾಂಟರ್‌ನಲ್ಲಿ, ಅಂದರೆ ಹದವಾದ ಓಟದಲ್ಲಿ, ತಿರುವು ತಗೋತಿದ್ದೆ. ಎಡಗಾಲಿನ ಕೆಳಗೆ ಫಟ್ ಅಂತ ಸದ್ದು, ಮುಂದಿನ ಹೆಜ್ಜೆಗೇ ಇನ್ನೊಂದು. ಸ್ಯಾಡಲ್ ಪಕ್ಕಕ್ಕೆ ಜಾರಿತು, ಅದರ ಜೊತೆ ನಾನೂ. ಚಂದ್ರಿ ಹತ್ತು ಹೆಜ್ಜೆ ಮುಂದೆ ಹೋಗಿ ನಿಂತಳು, ಪುಣ್ಯಕ್ಕೆ.

ಆಮೇಲೆ ಕೈಗೆ ಜೋಳಿಗೆ ಕಟ್ಟಿಕೊಂಡೇ ಅದನ್ನು ರೇಸ್ ಕುದುರೆಗಳ ಜೀನು ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. ಅವರು ಹರಿದ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಮೇಲೆ ಪ್ಲಾಸ್ಟಿಕ್ ಹಾಳೆ ಹಾಗೆ ತೆಳ್ಳನೆಯ ಕಂದು ಪದರ. ಅದರ ಕೆಳಗೆ ನೆನೆದ ರಟ್ಟಿನ ಹಾಗೆ ಬೂದು ಬಣ್ಣದ ನಾರು. ಉಗುರಿನಿಂದ ಕೆರೆದರೆ ಮೇಲಿನ ಪದರ ಸಿಪ್ಪೆ ಥರ ಎದ್ದು ಬಂತು. "ಚರ್ಮ ಅಂದ್ರೆ ಚರ್ಮಾನೇ ಸಾರ್, ಸುಳ್ಳಲ್ಲ. ಗಟ್ಟಿ ಇರೋ ಮೇಲ್ಭಾಗ ಸೀಳಿ ತೆಗೆದುಬಿಟ್ಟು, ಮಿಕ್ಕಿದ್ದಕ್ಕೆ ಬಣ್ಣ ಹೊಡೆದಿದ್ದಾರೆ" ಅಂದರು.

ಇನ್ನೊಂದು ತೋರಿಸಿದರು, ಅದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಗರ್ತ್ ಕಟ್ಟೋಕೆ ಪ್ರತಿ ಪಕ್ಕ ಮೂರು ಪಟ್ಟಿ ಇರುತ್ತವೆ. ಸರಿಯಾಗಿ ಮಾಡಿದ ಸ್ಯಾಡಲ್‌ನಲ್ಲಿ ಮೊದಲನೆಯದು ಒಂದು ದಟ್ಟಿಗೆ, ಅಂದರೆ ಸ್ಯಾಡಲ್ ಒಳಗೆ ಅಡ್ಡ ಹಾಯುವ ಗಟ್ಟಿ ಬಟ್ಟೆಪಟ್ಟಿಗೆ, ಮಿಕ್ಕ ಎರಡು ಇನ್ನೊಂದು ದಟ್ಟಿಗೆ ಹೊಲಿದಿರುತ್ತವೆ. ಅದಕ್ಕೇ ಯಾವಾಗಲೂ ಮೊದಲನೆಯದರ ಜೊತೆ ಮಿಕ್ಕೆರಡರಲ್ಲಿ ಒಂದನ್ನು ಕಟ್ಟಬೇಕು. ಒಂದು ದಟ್ಟಿ ಕಿತ್ತರೂ ಇನ್ನೊಂದು ಹಿಡಿದುಕೊಳ್ಳುತ್ತೆ. ನನ್ನದರಲ್ಲಿ ಮೂರೂ ಒಂದೇ ನೈಲಾನ್ ದಟ್ಟಿಗೆ. ಪಟ್ಟಿ ಹರಿಯದಿದ್ದರೆ ಇನ್ನೊಂದು ದಿನ ಅದೇ ಕಿತ್ತು ಬರುತ್ತಿತ್ತು.

ಒಳಗಿನ ಚೌಕಟ್ಟು, ಟ್ರೀ ಅಂತಾರಲ್ಲ, ಅದನ್ನು ನೋಡೋ ರೀತಿಯೂ ಅವರೇ ಹೇಳಿಕೊಟ್ಟರು. ಸ್ಯಾಡಲ್‌ನ ಮುಂಭಾಗ ಹೊಟ್ಟೆಗೆ ಆನಿಸಿಕೊಂಡು, ಹಿಂಭಾಗವನ್ನು ಎರಡೂ ಕೈಯಲ್ಲಿ ತನ್ನತ್ತ ಎಳೆಯಬೇಕು. ಸ್ಪ್ರಿಂಗ್ ಇರುವ ಟ್ರೀ ಸ್ವಲ್ಪ ಬಾಗಿ ತಕ್ಷಣ ವಾಪಸ್ ಬರುತ್ತೆ. ಕಿರ್ ಅಂದರೆ, ಸೀಟಿನ ಮಧ್ಯೆ ಸುಕ್ಕು ಬಿದ್ದು ಮಡಚಿಕೊಂಡರೆ, ಕೆಳಗಿಟ್ಟು ಬನ್ನಿ. ನನ್ನದು ಮಡಚಿಕೊಂಡಿತು. ಬೋರಲು ಹಾಕಿ ನೋಡಿದರೆ ಎರಡು ಕಡೆ ಕುದುರೆ ಬೆನ್ನಿಗೆ ತಾಗುವ ಮೆತ್ತೆ, ಅಂದರೆ ಪ್ಯಾನಲ್‌ ಸಮ ಇರಲಿಲ್ಲ. ಎಡಗಡೆ ಉಣ್ಣೆ ಬದಲು ಬಟ್ಟೆ ಚಿಂದಿ ತುರುಕಿ ಗಂಟು ಗಂಟಾಗಿತ್ತು. ಕಾಲಿಡುವ ಸ್ಟಿರಪ್ ನೇತುಹಾಕುವ ಕಬ್ಬಿಣದ ಬಾರ್ ಎರಕ ಹೊಯ್ದದ್ದು, ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. ಅದು ಬಡಿದು ಮಾಡಿದ ಉಕ್ಕಿನದಾಗಿರಬೇಕು. ಒಳ್ಳೆಯದರ ಮೇಲೆ ಸಾಮಾನ್ಯವಾಗಿ ಫೋರ್ಜ್ಡ್ ಅಂತ ಅಚ್ಚು ಒತ್ತಿರುತ್ತಾರೆ.

ಫ್ರೀ ಬಿಟ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಎರಡೇ ವಾರಕ್ಕೆ ನಿಕಲ್ ಲೇಪ ಎದ್ದು ತುಕ್ಕು ಕಂಡಿತು. ಮಧ್ಯದ ಕೀಲಿನಲ್ಲಿ ಹತ್ತಿ ಉಜ್ಜಿದರೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಅದು ಅವಳ ನಾಲಗೆ ಮೇಲೆ ಇತ್ತು ಅಂತ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತೆ.

ಮಾರಿದವರನ್ನು ಕೇಳಿದರೆ, ಆಫರ್ ಮಾಲಿಗೆ ರಿಟರ್ನ್ ಇಲ್ಲ, ಏಳು ದಿನದೊಳಗೆ ಹೇಳಬೇಕಿತ್ತು ಅಂದರು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಇನ್ನೂ ಇತ್ಯರ್ಥವಾಗಿಲ್ಲ. ಬಂದ ದಿನವೇ ಡಬ್ಬಿ ಬಿಚ್ಚೋದನ್ನ ವಿಡಿಯೊ ಮಾಡಿಟ್ಟುಕೊಂಡಿದ್ದರೆ, ಆವತ್ತೇ ಒದ್ದೆ ಬಿಳಿ ಬಟ್ಟೆಯಲ್ಲಿ ಒಂದು ಸಲ ಉಜ್ಜಿ ಬಣ್ಣ ಬಿಡುತ್ತಾ ಅಂತ ನೋಡಿದ್ದರೆ ಕಥೆ ಬೇರೆ ಇರುತ್ತಿತ್ತು.

ಹಾಗಂತ ರಿಯಾಯಿತಿ ಎಲ್ಲಾ ಮೋಸ ಅಂತ ನಾನು ಹೇಳಲ್ಲ. ಬೇಡಿಕೆ ಇಲ್ಲದ ಬಣ್ಣ, ಯಾರಿಗೂ ಆಗದ ಸೈಜ್, ಫ್ಲ್ಯಾಪ್ ಮೇಲೊಂದು ಗೀರು, ಇಂಥ ಕಾರಣಕ್ಕೆ ಬೆಲೆ ಇಳಿದಿದ್ದರೆ ಧೈರ್ಯವಾಗಿ ನೋಡಿ. ಯಾಕೆ ಕಮ್ಮಿ ಅಂತ ಕೇಳಿದರೆ ಕಾರಣ ಹೇಳಬೇಕು. ಆನ್‌ಲೈನ್ ಆದರೆ ಮೂರು ಫೋಟೊ ಕೇಳಿ: ಫ್ಲ್ಯಾಪ್ ಎತ್ತಿದ್ದು, ಬೋರಲು ಹಾಕಿದ್ದು, ಸ್ಟಿರಪ್ ಬಾರ್ ಹತ್ತಿರದಿಂದ. "ಅದೆಲ್ಲ ಯಾಕೆ ಸಾರ್" ಅಂದರೆ ಅಲ್ಲಿಗೆ ಬಿಡಿ. ನಾನೀಗ ತಗೊಂಡಿರೋದು ಸೆಕೆಂಡ್ ಹ್ಯಾಂಡ್, ಹಳೇದು, 22,000. ಕುದುರೆ ಮೇಲೆ ಇಟ್ಟು, ನಾನು ಕೂತ ಮೇಲೂ ವಿದರ್ಸ್ ಮೇಲೆ ಎರಡು ಬೆರಳು ಹೋಗುತ್ತಾ ಅಂತ ನೋಡಿಯೇ ದುಡ್ಡು ಕೊಟ್ಟಿದ್ದು. ಸೈಸ್ ಇದನ್ನೂ ಮೂಸಿ ನೋಡಿದ, ಏನೂ ಅನ್ನಲಿಲ್ಲ.

ಚಂದ್ರಿಯ ವಿದರ್ಸ್ ಪಕ್ಕದಲ್ಲಿ ರೂಪಾಯಿ ನಾಣ್ಯದಷ್ಟಗಲ ಕೂದಲು ಬೆಳ್ಳಗೆ ಬರುತ್ತಿದೆ. ಒತ್ತಿ ಒತ್ತಿ ಕೂದಲ ಬೇರಿನಲ್ಲಿ ಬಣ್ಣ ಕೊಡುವ ಕಣ ಸತ್ತ ಕಡೆ ಹಾಗೇ ಆಗೋದು, ಇನ್ನು ಕಪ್ಪಾಗಲ್ಲ ಅಂದರು ಡಾಕ್ಟರು. ನೀವೂ ಇಂಥದ್ದೊಂದು ತಂದು ಈಗಾಗಲೇ ಸವಾರಿ ಮಾಡುತ್ತಿದ್ದರೆ, ನಾಳೆ ಹತ್ತೋಕೆ ಮುಂಚೆ ಫ್ಲ್ಯಾಪ್ ಎತ್ತಿ ಆ ಮೂರು ಪಟ್ಟಿ ಬಗ್ಗಿಸಿ ನೋಡಿ. ಹೊಲಿಗೆ ಸಾಲಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಹತ್ತಬೇಡಿ.