ಒಂದು ದೃಶ್ಯಕ್ಕೆ ಮೂರು ಇರುಳು

ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್‌ಗಾಗಿ ನಾವು ಐದು ಮಂದಿ ಸೇರಿ ಒಂಬತ್ತು ನಿಮಿಷದ ಥ್ರಿಲ್ಲರ್ ಕಿರುಚಿತ್ರವೊಂದನ್ನು ಮಾಡಿದೆವು. ಅದರ ಸಂಕಲನ ನನ್ನ ಪಾಲಿಗೆ ಬಂದಿತ್ತು. ಅಜ್ಜನ ಮನೆಗೆ ಒಬ್ಬನೇ ಬಂದಿರುವ ಹುಡುಗ ರಾತ್ರಿ ತೋಟದ ಪಂಪ್‌ಸೆಟ್ ನಿಲ್ಲಿಸಿ ಹಿಂದಿರುಗುತ್ತಾನೆ. ಜಗಲಿಯ ಮೇಲೆ ತಾನು ಹೊತ್ತಿಸಿಟ್ಟು ಹೋಗಿದ್ದ ಲಾಟೀನು ಈಗ ಒಳಕೋಣೆಯ ಕಿಟಕಿಯಲ್ಲಿ ಉರಿಯುತ್ತಿರುವುದು ಅವನ ಕಣ್ಣಿಗೆ ಬೀಳುತ್ತದೆ. ಚಿತ್ರದ ಜೀವವೆಲ್ಲ ಇರುವುದು 2 ನಿಮಿಷ 10 ಸೆಕೆಂಡಿನ, 14 ಶಾಟ್‌ಗಳ, ಒಂದೂ ಮಾತಿಲ್ಲದ ಈ ದೃಶ್ಯದಲ್ಲಿ. ಇದನ್ನು ನಿಜವಾದ ರಾತ್ರಿಯಲ್ಲಿ ಚಿತ್ರೀಕರಿಸಬೇಕೇ, ಮುಸ್ಸಂಜೆಯಲ್ಲಿಯೇ, ಅಥವಾ ಹಗಲಿನಲ್ಲಿ ಚಿತ್ರೀಕರಿಸಿ ರಾತ್ರಿಯಾಗಿ ಮಾರ್ಪಡಿಸಬೇಕೇ ಎಂಬ ವಾದ ನಮ್ಮಲ್ಲಿ ಬಗೆಹರಿಯದೆ ಹೋದದ್ದರಿಂದ, ಫೆಬ್ರವರಿಯ ಒಂದು ವಾರ ತೀರ್ಥಹಳ್ಳಿ ಕಡೆಯ ಹಳೆಯ ಮನೆಯೊಂದರಲ್ಲಿ ತಂಗಿ, ಮೂರು ವಿಧಾನಗಳನ್ನೂ ಒಂದೇ ಶಾಟ್ ಪಟ್ಟಿಯಿಂದ ಪ್ರಯತ್ನಿಸಿದೆವು.

ಸಾಧನಗಳು ಮೂರಕ್ಕೂ ಒಂದೇ: ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರ್‌ನ ಒಂದು ಮಿರರ್‌ಲೆಸ್ ಕ್ಯಾಮೆರಾ, ಅದರೊಡನೆ ಬಂದ ಕಿಟ್ ಲೆನ್ಸ್, ಸಾಲ ತಂದ 50 ಎಂಎಂ ಎಫ್/1.8 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು), ಬಾಡಿಗೆಗೆ ಪಡೆದ ಬ್ಯಾಟರಿ ಚಾಲಿತ ಎರಡು ಎಲ್‌ಇಡಿ ಪ್ಯಾನೆಲ್ ಮತ್ತು ಒಂದು ಟ್ರೈಪಾಡ್. ಎಲ್ಲೆಡೆಯೂ ಸೆಕೆಂಡಿಗೆ 25 ಫ್ರೇಮ್, ಶಟರ್ ತೆರೆದಿರುವ ಹೊತ್ತು 1/50 ಸೆಕೆಂಡ್. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಬಲ್ಬು ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತದೆ. 1/50ರ ಶಟರ್‌ನಲ್ಲಿ ಪ್ರತಿ ಫ್ರೇಮಿಗೂ ಆ ಏರಿಳಿತದ ಎರಡು ಪೂರ್ಣ ಸುತ್ತು ಸಿಗುವುದರಿಂದ ದೀಪ ಮಿಣುಕಿದಂತೆ ಕಾಣುವುದಿಲ್ಲ. ಜಗಲಿಯ ಬಲ್ಬನ್ನು ನಂಬಿದ್ದ ನಮಗೆ ಇದು ಮುಖ್ಯವಾಗಿತ್ತು.

ಹಗಲನ್ನು ರಾತ್ರಿಯಾಗಿಸುವ ವಿಧಾನವನ್ನು ಮೊದಲು ಪರೀಕ್ಷಿಸಿದೆವು, ಏಕೆಂದರೆ ಅದು ಎಲ್ಲಕ್ಕಿಂತ ಅಗ್ಗ. ಫ್ರೆಂಚರು ಇದನ್ನು ‘ಅಮೆರಿಕನ್ ರಾತ್ರಿ’ ಎಂದು ಕರೆಯುತ್ತಾರೆ. ಸೂರ್ಯನು ನಟನ ಬೆನ್ನ ಹಿಂದಿರುವಂತೆ ಕ್ಯಾಮೆರಾ ನಿಲ್ಲಿಸಿ, ಬಣ್ಣದ ಸಮತೋಲ ಹೊಂದಿಸುವ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಳಿಸಿದರೆ ಬಿಸಿಲು ನೀಲಿಯಾಗುತ್ತದೆ. ಎಕ್ಸ್‌ಪೋಷರನ್ನು (ಸೆನ್ಸರ್ ಮೇಲೆ ಬೀಳುವ ಬೆಳಕನ್ನು) ಒಂದೂವರೆ ಎರಡು ಸ್ಟಾಪ್ ತಗ್ಗಿಸಿದರೆ, ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ, ಬೆಳದಿಂಗಳ ಭ್ರಮೆ ಮೂಡುತ್ತದೆ. ಬೆಳದಿಂಗಳು ನಿಜಕ್ಕೂ ನೀಲಿಯಲ್ಲ, ಚಂದ್ರನಿಂದ ಪ್ರತಿಫಲಿಸಿದ ಬಿಸಿಲೇ ಅದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪಿಗಿಂತ ನೀಲಿಯತ್ತ ಹೆಚ್ಚು ಸೂಕ್ಷ್ಮವಾಗುವುದನ್ನು 19ನೆಯ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಗುರುತಿಸಿದ್ದನು. ಸಿನಿಮಾದ ನೀಲಿ ರಾತ್ರಿ ನಮಗೆ ಒಪ್ಪಿಗೆಯಾಗುವುದಕ್ಕೆ ಇದೂ ಒಂದು ಕಾರಣ.

ಕಾಗದದ ಮೇಲೆ ಸರಳವಾಗಿದ್ದ ಈ ವಿಧಾನ ಅಡಿಕೆ ತೋಟದಲ್ಲಿ ನಮ್ಮನ್ನು ಸತಾಯಿಸಿತು. ಆಕಾಶವನ್ನು ಫ್ರೇಮಿನಿಂದ ಹೊರಗಿಡಬೇಕೆಂಬುದು ಮೊದಲ ನಿಯಮ. ಆದರೆ ಅಡಿಕೆ ಮರದ ಸೋಗೆಗಳ ನಡುವೆ ಆಕಾಶ ಚೂರುಚೂರಾಗಿ ಇಣುಕುತ್ತಲೇ ಇರುತ್ತದೆ, ಅದನ್ನು ಎಷ್ಟು ಕಪ್ಪಾಗಿಸಿದರೂ ಬಿಳಿಯ ಚುಕ್ಕೆಗಳು ಉಳಿದುಬಿಡುತ್ತವೆ. ಕ್ಯಾಮೆರಾವನ್ನು ಎತ್ತರದಲ್ಲಿಟ್ಟು ಕೆಳಮುಖವಾಗಿ ತಿರುಗಿಸಿ ಅದನ್ನು ತಪ್ಪಿಸಿದೆವು. ತಪ್ಪಿಸಲಾಗದೆ ಉಳಿದದ್ದು ಲಾಟೀನು. ಮಧ್ಯಾಹ್ನ ಮೂರೂವರೆಯ ಬೆಳಕಿನಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲ, ಟಾರ್ಚಿನ ಬೆಳಕಂತೂ ನೆಲದ ಮೇಲೆ ಬಿದ್ದದ್ದೇ ತಿಳಿಯುವುದಿಲ್ಲ. ಸಂಕಲನದ ಹೊತ್ತಿಗೆ ಕಿಟಕಿಯ ಸುತ್ತ ಮಾಸ್ಕ್ ಎಳೆದು, ಅಷ್ಟಕ್ಕೇ ಹಳದಿ ಬಣ್ಣ ತುಂಬಿ ಬೆಳಗಿಸಿದೆನು. ಟ್ರೈಪಾಡ್ ಶಾಟ್‌ಗಳಲ್ಲಿ ಅದು ನಿಂತಿತು, ಕೈಯಲ್ಲಿ ಹಿಡಿದು ತೆಗೆದ ಶಾಟ್‌ಗಳಲ್ಲಿ ಬೆಳಕು ಕಿಟಕಿಯ ಚೌಕಟ್ಟನ್ನು ಬಿಟ್ಟು ಗೋಡೆಯ ಮೇಲೆ ಜಾರಿತು. ಇನ್ನೊಂದು ಸಂಗತಿ ಸಂಕಲನದ ಟೈಮ್‌ಲೈನ್‌ಗೆ ಬಂದ ಮೇಲಷ್ಟೇ ಕಣ್ಣಿಗೆ ಬಿದ್ದಿತು. ಬಿಸಿಲಿಗೆ ಹೊಳೆಯುವ ಅಂಗಳದಿಂದಾಗಿ ನಟನು ಕಣ್ಣು ಕಿರಿದು ಮಾಡಿಕೊಂಡಿದ್ದನು. ಕತ್ತಲಲ್ಲಿ ನಡೆಯುವವನು ಕಣ್ಣರಳಿಸಿ ನೋಡುತ್ತಾನೆಯೇ ಹೊರತು ಕಿರಿದು ಮಾಡುವುದಿಲ್ಲ, ಮತ್ತು ಇದನ್ನು ಸರಿಪಡಿಸುವ ಯಾವ ಗ್ರೇಡಿಂಗ್ (ಬಣ್ಣ, ಬೆಳಕು ತಿದ್ದುವ) ತಂತ್ರವೂ ನನಗೆ ತಿಳಿದಿಲ್ಲ.

ಆದರೂ ಈ ವಿಧಾನಕ್ಕೆ ಒಂದು ಮೆಚ್ಚುಗೆ ಸಲ್ಲಬೇಕು. ಕ್ಯಾಮೆರಾದಲ್ಲೇ ಕತ್ತಲಾಗಿಸಿ ತೆಗೆದ ಶಾಟ್‌ಗಳಿಗಿಂತ, ಸಾಧಾರಣ ಎಕ್ಸ್‌ಪೋಷರ್‌ನಲ್ಲಿ ತೆಗೆದು ಸಂಕಲನದಲ್ಲಿ ಇಳಿಸಿದ ಶಾಟ್‌ಗಳ ನೆರಳು ಬಹಳ ಶುಭ್ರವಾಗಿತ್ತು, ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಎಂಬುದು ಹೆಸರಿಗೂ ಇರಲಿಲ್ಲ.

ಮುಸ್ಸಂಜೆಯ ಗುಣ ದೋಷ ಎರಡೂ ಒಂದೇ, ಅದು ಚೆಲುವಾಗಿದೆ ಮತ್ತು ಮುಗಿದುಹೋಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ, ಮುಳುಗಿದ ಮೇಲೆ ಉಪಯೋಗಕ್ಕೆ ಬರುವ ಬೆಳಕು 22ರಿಂದ 25 ನಿಮಿಷ ಮಾತ್ರ ಉಳಿಯುತ್ತದೆ. ಉತ್ತರ ಯುರೋಪಿನವರು ಬರೆದ ಕೈಪಿಡಿಗಳಲ್ಲಿನ ನಿಡಿದಾದ ಸಂಜೆ ಇಲ್ಲಿಲ್ಲ. ಅದರಲ್ಲೂ ಮಲೆನಾಡಿನಲ್ಲಿ ಪಡುವಣದ ಗುಡ್ಡ ಸೂರ್ಯನನ್ನು ಬೇಗನೆ ನುಂಗುತ್ತದೆ, ತೋಟದೊಳಗೆ ಅಂಗಳಕ್ಕಿಂತ ಮೊದಲೇ ಕತ್ತಲು ಕವಿಯುತ್ತದೆ. ಐದು ಗಂಟೆಯಿಂದ ಅಭ್ಯಾಸ ಮಾಡಿಸಿ, ಆರೂವರೆಯ ಬಳಿಕ ಉಸಿರು ಬಿಗಿಹಿಡಿದು ಓಡಾಡಿದರೂ ಒಂದು ಸಂಜೆಗೆ ಐದು ಶಾಟ್ ದಾಟಲಿಲ್ಲ. 14 ಶಾಟ್‌ಗಳಿಗೆ ಮೂರು ಸಂಜೆಗಳು ಬೇಕಾದವು. ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಎಂದರೆ ಐಎಸ್‌ಒ, 400ರಿಂದ ಹೊರಟು ಇಪ್ಪತ್ತೇ ನಿಮಿಷದಲ್ಲಿ 3200 ಮುಟ್ಟುತ್ತಿತ್ತು. ಹೀಗಾಗಿ ಕಥೆಯಲ್ಲಿ ಬೆನ್ನುಬೆನ್ನಿಗೆ ಬರುವ ಎರಡು ಶಾಟ್‌ಗಳ ನಡುವೆ ಒಂದೂವರೆ ಸ್ಟಾಪ್ ಬೆಳಕಿನ ಅಂತರ ಉಳಿಯಿತು: ಹುಡುಗ ತಲೆ ಎತ್ತುವಾಗ ಆಕಾಶ ಬೂದು ನೀಲಿ, ಅವನು ನೋಡಿದ ದಿಕ್ಕಿನಲ್ಲಿ ಮನೆಯ ಹಿಂದಿನ ಆಕಾಶ ಕಡು ನೀಲಿ. ಇವನ್ನು ಹೊಂದಿಸಲು ಬೆಳಕು ಬಣ್ಣಗಳನ್ನು ತಿದ್ದುವ ಕರ್ವ್‌ಗಳೊಡನೆ ಎರಡು ರಾತ್ರಿ ಗುದ್ದಾಡಿದೆನು. ಮೊದಲು ದೂರದ ಶಾಟ್, ಕೊನೆಗೆ ಮುಖದ ಸಮೀಪದ ಶಾಟ್ ಎಂಬ ಕ್ರಮವನ್ನು ಎರಡನೆಯ ಸಂಜೆ ಕಂಡುಕೊಂಡೆವು. ಸಮೀಪದ ಶಾಟ್‌ನಲ್ಲಿ ಆಕಾಶ ಇರುವುದಿಲ್ಲವಾದ್ದರಿಂದ ಎಲ್‌ಇಡಿ ನೆರವಿನಿಂದ ಅದನ್ನು ತಡವಾಗಿಯೂ ತೆಗೆಯಬಹುದು.

ಆದರೆ ಮನೆಯ ದೂರದ ಶಾಟ್! ಮಾಡಿನ ಹೆಂಚಿನ ಗೆರೆ ಆಕಾಶದ ಎದುರು ಸ್ಪಷ್ಟವಾಗಿ ಕಾಣುತ್ತ, ಅದರ ನಡುವೆ ಒಂದೇ ಒಂದು ಕಿಟಕಿ ಹಳದಿಯಾಗಿ ಉರಿಯುವ ಆ ಚಿತ್ರ ಉಳಿದೆರಡು ವಿಧಾನಗಳಿಂದಲೂ ನಮಗೆ ದಕ್ಕಲಿಲ್ಲ. ಲಾಟೀನಿನ ಬೆಳಕೂ ಆಕಾಶದ ಬೆಳಕೂ ಸಮತೂಕಕ್ಕೆ ಬರುವ ಐದಾರು ನಿಮಿಷಗಳಿವೆ, ಅಷ್ಟೇ.

ನಿಜವಾದ ರಾತ್ರಿಯ ಬಗ್ಗೆ ನನಗಿದ್ದ ಕಲ್ಪನೆ ಮೊದಲ ಟೇಕ್‌ನಲ್ಲೇ ಬಿದ್ದುಹೋಯಿತು. ದೀಪ ಹಾಕದ ತೋಟ ಪರದೆಯ ಮೇಲೆ ಭಯ ಹುಟ್ಟಿಸುವುದಿಲ್ಲ, ಅದು ಕರಿಯ ಬಟ್ಟೆ ತೂಗುಹಾಕಿದಂತೆ ಕಾಣುತ್ತದೆ. ಕತ್ತಲು ಕಾಣಬೇಕಾದರೆ ಅದರ ಹಿಂದೆ ಬೆಳಕಿರಬೇಕು. ಒಂದು ಪ್ಯಾನೆಲನ್ನು ಮರಗಳ ಹಿಂದೆ ಏಣಿಗೆ ಕಟ್ಟಿ, ಒಣ ಸೋಗೆಯ ಸಣ್ಣ ಹೊಗೆ ಹಾಕಿ, ಅಂಗಳಕ್ಕೆ ನೀರು ಚಿಮುಕಿಸಿದ ಮೇಲೆ ಮರಗಳ ಅಂಚು ಗೆರೆಯಾಗಿ ಮೂಡಿತು, ನೆಲ ಹೊಳೆಯಿತು. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಎರಡು ಮೀಟರಿನಲ್ಲಿರುವ ನಟ ನಾಲ್ಕು ಮೀಟರಿಗೆ ಸರಿದರೆ ಅವನಿಗೆ ಸಿಗುವುದು ಕಾಲುಭಾಗ ಮಾತ್ರ. ಆದ್ದರಿಂದ ನಡಿಗೆಯ ದಾರಿಯನ್ನು ಪ್ಯಾನೆಲ್‌ಗೆ ಅಡ್ಡಲಾಗಿ ಬದಲಿಸಿದೆವು. ಎಫ್/1.8 ಲೆನ್ಸ್ ಕಿಟ್ ಲೆನ್ಸಿನ ಎಫ್/3.5ಕ್ಕಿಂತ ಹತ್ತಿರಹತ್ತಿರ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ, ನಿಜ. ಆದರೆ ಎರಡು ಮೀಟರ್ ದೂರದಲ್ಲಿ ಫೋಕಸ್ ಹಿಡಿಯುವ ಆಳ ಸುಮಾರು 11 ಸೆಂಟಿಮೀಟರ್, ಎಂದರೆ ನಟ ಅರ್ಧ ಹೆಜ್ಜೆ ತಪ್ಪಿದರೂ ಟೇಕ್ ಹೋಯಿತು. ಹೀಗೆ ಕಳೆದುಕೊಂಡ ಟೇಕ್‌ಗಳ ಲೆಕ್ಕ ಇಡುವುದನ್ನು ಬಿಟ್ಟೆವು. ಎಲ್‌ಇಡಿಗೆ ಮುತ್ತಿದ ಹುಳುಗಳು ಬೆಳ್ಳಿ ಗೆರೆಗಳಂತೆ ಫ್ರೇಮ್ ತುಂಬ ಹಾರಾಡಿದ್ದು ಬೇರೆ, ಅದನ್ನು ನಾನು ಅಳಿಸದೆ ಉಳಿಸಿಕೊಂಡಿದ್ದೇನೆ.

ಐಎಸ್‌ಒ 3200ರ ನಾಯ್ಸ್ ಇನ್ನೊಂದು ತೊಡಕು. ನಾನು ಸಂಕಲನಕ್ಕೆ ಬಳಸಿದ್ದು ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿ. ಅದರ ನಾಯ್ಸ್ ರಿಡಕ್ಷನ್ ಸೌಲಭ್ಯ ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಗೆ ಮೀಸಲು. ಹಾಗಾಗಿ ನೆರಳನ್ನು ಎತ್ತಿ ತೋರಿಸುವ ಆಸೆ ಬಿಟ್ಟು, ಮುಖವನ್ನಷ್ಟೇ ಬೆಳಕಿನಲ್ಲಿಟ್ಟು ಉಳಿದದ್ದನ್ನು ಕಪ್ಪಿಗೆ ಇಳಿಸಿದೆನು.

ಮೂರೂ ಆವೃತ್ತಿಗಳನ್ನು ಒಂದರ ಕೆಳಗೊಂದು ಟೈಮ್‌ಲೈನ್‌ನಲ್ಲಿ ಇಟ್ಟು ನೋಡಿದಾಗ, ನಾವು ವಾದಿಸುತ್ತಿದ್ದ ಬೆಳಕು, ಖರ್ಚು, ಚೆಲುವು ಯಾವುವೂ ನಿರ್ಣಾಯಕವಲ್ಲ ಎನ್ನಿಸಿತು. ಥ್ರಿಲ್ಲರಿನಲ್ಲಿ ಸಂಕಲನಕಾರನಿಗೆ ಬೇಕಾದದ್ದು ಕತ್ತರಿಸದೆ ಕಾಯುವ ಅವಕಾಶ. ಹುಡುಗ ಕಿಟಕಿಯನ್ನು ನೋಡುತ್ತ ನಿಂತ ಶಾಟ್ ಎಂಟು ಸೆಕೆಂಡ್ ನಿಲ್ಲಬೇಕೆಂದು ನನ್ನ ಎಣಿಕೆಯಾಗಿತ್ತು. ಕಥೆ ತಿಳಿಯದ ಇಬ್ಬರು ಸಹಪಾಠಿಗಳನ್ನು ಕೂರಿಸಿ, ಸುಳ್ಳೆನಿಸಿದ ಕ್ಷಣ ಕೈ ಎತ್ತಿ ಎಂದೆನು. ಹಗಲಿನ ಆವೃತ್ತಿಗೆ ಇಬ್ಬರೂ ನಾಲ್ಕನೆಯ ಸೆಕೆಂಡಿಗೆ ಮುನ್ನವೇ ಕೈ ಎತ್ತಿದರು. ನೆಲದ ಮೇಲಿನ ಚೂಪಾದ ನೆರಳು ಗುಟ್ಟು ಬಿಟ್ಟುಕೊಟ್ಟಿತ್ತು. ಸಂಜೆಯ ಶಾಟ್ ಎಂಟನ್ನೂ ದಾಟಿತು, ಆದರೆ ಪಕ್ಕದ ಶಾಟ್‌ಗೆ ಜಿಗಿದೊಡನೆ ಹೊತ್ತು ಬದಲಾದಂತೆ ಕಂಡಿತು. ರಾತ್ರಿಯದು ನಿಂತಿತು, ಮುಂದಿನದಕ್ಕೂ ಸರಾಗವಾಗಿ ಸೇರಿತು. ಅದೇ ರಾತ್ರಿಯ ದೂರದ ಶಾಟ್ ಮಾತ್ರ ಎರಡು ಸೆಕೆಂಡಿಗೇ ಸತ್ತುಹೋಯಿತು, ಏಕೆಂದರೆ ಅದರಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ.

ಶಬ್ದ ಮೂರಕ್ಕೂ ಒಂದೇ ಇಟ್ಟೆನು. ರಾತ್ರಿ ಹತ್ತರ ಬಳಿಕ ಯಾರೂ ಅಲುಗದೆ ನಾಲ್ಕು ನಿಮಿಷ ಮುದ್ರಿಸಿಕೊಂಡ ಹುಳುಗಳ ಸದ್ದನ್ನು ಹಗಲಿನ ಆವೃತ್ತಿಯ ಕೆಳಗೆ ಹಾಸಿದಾಗ ಅದರ ಅರ್ಧ ಸುಳ್ಳು ಅಡಗಿತು. ಪಂಪ್‌ಸೆಟ್ಟಿನ ಗುಡುಗುಡು ನಿಲ್ಲುವುದನ್ನು ಚಿತ್ರಕ್ಕಿಂತ ಹನ್ನೆರಡು ಫ್ರೇಮ್ ಮೊದಲೇ ತಂದಾಗ, ಮೌನ ಮೊದಲು ಬಂದು ಹುಡುಗನ ಕೈ ಸ್ವಿಚ್ಚಿನ ಮೇಲೆ ಆಮೇಲೆ ಕಂಡಿತು. ಆ ಅರ್ಧ ಸೆಕೆಂಡಿನ ಅಳುಕು ಮೂರು ಆವೃತ್ತಿಗಳಲ್ಲೂ ಕೆಲಸ ಮಾಡಿತು.

ಅಂತಿಮ ಪ್ರತಿಯಲ್ಲಿ ಒಂಬತ್ತು ಶಾಟ್ ರಾತ್ರಿಯವು, ಮೂರು ಸಂಜೆಯವು. ಉಳಿದ ಎರಡು ಹಗಲಿನವು. ಎರಡರಲ್ಲೂ ಆಕಾಶವಿಲ್ಲ, ಮುಖವಿಲ್ಲ, ದೀಪವಿಲ್ಲ, ತೋಟದ ದಾರಿಯಲ್ಲಿ ನಡೆಯುವ ಕಾಲುಗಳು ಮಾತ್ರ. ನಾನು ಬೆರಳಿಟ್ಟು ತೋರಿಸುವವರೆಗೆ ಅವು ಯಾವುವೆಂದು ನಮ್ಮ ಛಾಯಾಗ್ರಾಹಕನಿಗೂ ಗೊತ್ತಾಗಲಿಲ್ಲ. ಪ್ರದರ್ಶನದ ಸಭಾಂಗಣದಲ್ಲಿ ಪರದೆಗಳ ಸಂದಿನಿಂದ ಬೆಳಕು ನುಸುಳುತ್ತಿತ್ತಾದ್ದರಿಂದ, ಹಿಂದಿನ ದಿನ ಪ್ರೊಜೆಕ್ಟರ್‌ನಲ್ಲಿ ನೋಡಿಕೊಂಡು, ನಡುಬೆಳಕನ್ನು ತುಸು ಎತ್ತಿದ ಎರಡನೆಯ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದೆನು. ಅಲ್ಲಿ ಓಡಿದ್ದು ಅದೇ.