ಎಕ್ಸೋಜೆನ್: ಕೂಡದ ಮೂಳೆಗೆ ದಿನಕ್ಕೆ 20 ನಿಮಿಷ

ಎಕ್ಸೋಜೆನ್ ಎಂದರೆ ಮುರಿದ ಮೂಳೆ ಕೂಡಲೆಂದು ಅಲ್ಟ್ರಾಸೌಂಡ್ (ಕಿವಿಗೆ ಕೇಳದ ಶಬ್ದದ ಅಲೆ) ಹಾಯಿಸುವ, ಕೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ, ತಂತಿಯ ತುದಿಗೊಂದು ಬಿಲ್ಲೆ. ಚರ್ಮಕ್ಕೆ ಜೆಲ್ ಹಚ್ಚಿ, ಬಿಲ್ಲೆಯನ್ನು ಮುರಿತದ ನೇರಕ್ಕೆ ಪಟ್ಟಿಯಿಂದ ಬಿಗಿದು ದಿನಕ್ಕೊಮ್ಮೆ 20 ನಿಮಿಷ ಇಡಬೇಕು. ಅಲ್ಟ್ರಾಸೌಂಡಿನ ಬಲ ಚದರ ಸೆಂಟಿಮೀಟರಿಗೆ 30 ಮಿಲಿವ್ಯಾಟ್ ಮಾತ್ರ. ಫಿಸಿಯೋಥೆರಪಿಯ ಯಂತ್ರದ್ದು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದು ಇದಕ್ಕೆ ಬದಲಿಯಲ್ಲ. ಪ್ಲಾಸ್ಟರ್ ಇದ್ದರೆ ಅದರಲ್ಲಿ ಕಿಂಡಿ ಕೊರೆಸಬೇಕು. ಒಳಗೆ ಪ್ಲೇಟ್ ಇದ್ದರೆ ಲೋಹ ಅಡ್ಡ ಬಾರದ ಕಡೆಯಿಂದ ಇಡಬೇಕು. ಬಿಲ್ಲೆ ಎರಡು ಬೆರಳು ಆಚೀಚೆಯಾದರೂ ಕೂತದ್ದು ದಂಡ. ಎಕ್ಸ್-ರೇ ನೋಡಿ ವೈದ್ಯರೇ ಚರ್ಮದ ಮೇಲೆ ಗುರುತು ಹಾಕಿಕೊಡಲಿ.

ಹೊಸ ಮುರಿತಕ್ಕೆ ಇದು ಬೇಡ. 1994ರಲ್ಲಿ ಔಷಧ, ವೈದ್ಯಕೀಯ ಯಂತ್ರಗಳನ್ನು ಪರಿಶೀಲಿಸುವ ಅಮೆರಿಕದ ಎಫ್‌ಡಿಎ ಕೆಲವು ಹೊಸ ಮುರಿತಗಳಿಗೆ ಒಪ್ಪಿಗೆ ಕೊಟ್ಟಿತ್ತು, ನಿಜ. ಆದರೆ ಮೊಣಕಾಲ ಕೆಳಗಿನ ಮೂಳೆಗೆ ರಾಡ್ ಹಾಕಿಸಿಕೊಂಡ 501 ಜನರ ಮೇಲಿನ ಪರೀಕ್ಷೆ 2016ರಲ್ಲಿ ಪ್ರಕಟವಾದಾಗ, ನಿಜವಾದ ಯಂತ್ರಕ್ಕೂ ಸುಮ್ಮನೆ ಕೊಟ್ಟ ಡಮ್ಮಿಗೂ ವ್ಯತ್ಯಾಸವೇ ಕಾಣಲಿಲ್ಲ.

ಒಂಬತ್ತು ತಿಂಗಳಾದರೂ ಕೂಡದ ಉದ್ದ ಮೂಳೆಯ ಲೆಕ್ಕ ಬೇರೆ. ಯಾವ ಚಿಕಿತ್ಸೆ ಸರಿ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಅಂಥ ಮೂಳೆಗೆ ಇದನ್ನು ಬೆಂಬಲಿಸಿತು, ಪುರಾವೆಯಲ್ಲಿ ಹೆಚ್ಚಿನದು ಯಂತ್ರ ಬಳಸದವರೊಂದಿಗೆ ಹೋಲಿಸದೆ ಬಂದದ್ದು ಎಂಬುದು ಗೊತ್ತಿರಲಿ. ಕೊಳ್ಳುವ ಮೊದಲು ಮೂಳೆ ಏಕೆ ಕೂಡಿಲ್ಲ ಎಂದು ಕೇಳಿ. ಎಕ್ಸ್-ರೇಯಲ್ಲಿ ತುದಿಗಳು ಆನೆಕಾಲಿನಂತೆ ದಪ್ಪಗಿದ್ದರೆ ಅಲ್ಲಿ ಜೀವವಿದೆ, ರಕ್ತವಿದೆ; ಅಲುಗಾಟ ನಿಂತಿಲ್ಲ ಅಷ್ಟೇ. ಸಡಿಲ ಸ್ಕ್ರೂ, ಸಣ್ಣಗಾದ ರಾಡ್ ಬದಲಿಸಿದರೆ ಸಾಮಾನ್ಯವಾಗಿ ಕೂಡುತ್ತದೆ. ತುದಿಗಳು ಪೆನ್ಸಿಲ್ ಮೊನೆಯಂತೆ ಸವೆದಿದ್ದರೆ ರಕ್ತ ಸಾಲದು, ಸೊಂಟದ ಮೂಳೆಯಿಂದ ಕಸಿ ಬೇಕಾಗಬಹುದು. ಕೀವು ಒಳಗಡಗಿದ್ದರೆ ಮೇಲೆ ಗಾಯ ಒಣಗಿದಂತೆ ಕಂಡೀತು, ಉರಿಯೂತದ ಸುಳಿವು ಕೊಡುವ ಇಎಸ್‌ಆರ್ ಮತ್ತು ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಬೇಕು. ಎರಡು ತುದಿಗಳ ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಸಂದು ಇದ್ದರೆ ಯಂತ್ರದ ಮಾತೇ ಬೇಡ. ಬೀಡಿ, ಸಿಗರೇಟು ಬಿಡದವರಿಗೂ ಹಣ ಉಳಿಸಿಕೊಳ್ಳಿ ಎನ್ನುತ್ತೇವೆ: ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ.

ಹಿಡಿತ ಗಟ್ಟಿಯಿದ್ದು, ಕೀವಿಲ್ಲದೆ, ತುದಿಗಳು ಹತ್ತಿರವಿದ್ದೂ ಮೂಳೆ ಮೊಂಡು ಹಿಡಿದಾಗ, ಇನ್ನೊಂದು ಆಪರೇಷನ್ ತಡೆಯಲಾರದವರಿಗೆ ಇದು ಒಂದು ಪ್ರಯತ್ನ. ಇನ್ನೊಬ್ಬರು ಬಳಸಿದ್ದನ್ನು ಅಗ್ಗಕ್ಕೆ ಕೊಳ್ಳುವವರು ಎಷ್ಟು ಸಲ ಬಳಕೆಯಾಗಿದೆ ಎಂದು ನೋಡಿ: ಕೆಲವು ಮಾದರಿಗಳು 150 ಸಲಕ್ಕೆ, ಕೆಲವು 250ಕ್ಕೆ ಲೆಕ್ಕ ಹಾಕಿದವು.