ಪೆಂಟೇನ್, ಹೆಕ್ಸೇನ್, ಹೆಪ್ಟೇನ್: ಸೆಳೆತ ಅಳೆಯಲು ಯಾವ ದಾರಿ ಮೇಲು?

ಅಧ್ರುವೀಯ ಅಣುಗಳನ್ನು, ಅಂದರೆ ಧನ-ಋಣ ತುದಿಗಳಿಲ್ಲದವನ್ನು, ಒಂದಕ್ಕೊಂದು ಹಿಡಿದಿಡುವುದು ಲಂಡನ್ ಪ್ರಸರಣ ಬಲ. ಅದನ್ನು ಹೋಲಿಸಲು ಮೂರು ದಾರಿ ಸುಲಭವಾಗಿ ಸಿಗುತ್ತವೆ: ಆವಿಯಾಗುವಾಗಿನ ತಂಪು, ಕುದಿಬಿಂದು, ಕರಗುವ ಬಿಂದು. ಪೆಂಟೇನ್, ಹೆಕ್ಸೇನ್, ಹೆಪ್ಟೇನ್ ಇಂಥ ಅಣುಗಳ ದ್ರವಗಳು: ಕ್ರಮವಾಗಿ 5, 6, 7 ಕಾರ್ಬನ್ನುಗಳ ಸರಪಳಿಯ ಹೈಡ್ರೊಕಾರ್ಬನ್ನುಗಳು.

ತಂಪಿನ ಪ್ರಯೋಗಕ್ಕೆ ಥರ್ಮಾಮೀಟರಿನ ಬುಡಕ್ಕೆ ಫಿಲ್ಟರ್ ಕಾಗದವನ್ನು ಒಂದೇ ಸುತ್ತು ಸುತ್ತಿ ತೆಳು ತಾಮ್ರದ ತಂತಿಯಿಂದ ಕಟ್ಟಬೇಕು. ರಬ್ಬರ್ ಬ್ಯಾಂಡ್ ಬೇಡ, ಹೈಡ್ರೊಕಾರ್ಬನ್ನುಗಳಲ್ಲಿ ಅದು ಉಬ್ಬಿ ಸಡಿಲವಾಗುತ್ತದೆ. ದ್ರವದಲ್ಲಿ 30 ಸೆಕೆಂಡು ಅದ್ದಿ, ಹೊರತೆಗೆದು, ಪಾದರಸ ಇಳಿಯುವ ಕೊನೆಯ ಅಂಕ ಓದಿ. ಪೆಂಟೇನ್ ಎಲ್ಲಕ್ಕಿಂತ ಹೆಚ್ಚು ಇಳಿಸುತ್ತದೆ, ಆಮೇಲೆ ಹೆಕ್ಸೇನ್, ಕೊನೆಗೆ ಹೆಪ್ಟೇನ್. ಸರಪಳಿ ಚಿಕ್ಕದಾದಷ್ಟೂ ಎಲೆಕ್ಟ್ರಾನುಗಳು ಕಡಿಮೆ, ಸೆಳೆತ ದುರ್ಬಲ, ಅಣುಗಳು ಬೇಗ ಹಾರಿ ಶಾಖ ಒಯ್ಯುತ್ತವೆ. 25 ಡಿಗ್ರಿಯಲ್ಲಿ ಇವುಗಳ ಆವಿ ಒತ್ತಡ ಸುಮಾರು 68, 20 ಮತ್ತು 6 ಕಿಲೋಪಾಸ್ಕಲ್.

ಅಂಕ ಕೆಡುವುದು ಹೆಚ್ಚಾಗಿ ಗಾಳಿಯಿಂದ. ಫ್ಯಾನ್ ಓಡುತ್ತಿದ್ದರೆ ಒಂದು ಓದಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ತೇವದ ದಿನ ಪೆಂಟೇನ್ ಹಚ್ಚಿದ ಕಾಗದದ ಮೇಲೆ ನೀರು ಸಾಂದ್ರಗೊಂಡು ಶಾಖ ಬಿಡುತ್ತದೆ, ಹಾಗಾಗಿ ಇಳಿತ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಮೂರೂ ದ್ರವಗಳು ಮೊದಲೇ ಕೋಣೆಯ ಉಷ್ಣತೆಗೆ ಬಂದಿರಲಿ. ಇಷ್ಟೆಲ್ಲ ಮಾಡಿದರೂ ಸಿಗುವುದು ಕ್ರಮ ಮಾತ್ರ, ಬಲದ ಪ್ರಮಾಣವಲ್ಲ. ಹತ್ತಿರ ಬೆಂಕಿ ಸುತರಾಂ ಇರಬಾರದು, ಕೆಲಸ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೇ ಆಗಬೇಕು. ಹೆಕ್ಸೇನ್ ಆವಿಯನ್ನು ದೀರ್ಘಕಾಲ ಉಸಿರಾಡಿದರೆ ನರಗಳಿಗೆ ಹಾನಿ.

ಕುದಿಬಿಂದು ಇದಕ್ಕಿಂತ ನಂಬಿಕಸ್ಥ. ಅಣುವಿನ ಆಕಾರದ ಪ್ರಭಾವವೂ ಇಲ್ಲಿ ಸ್ಪಷ್ಟ: ಪೆಂಟೇನ್ 36 ಡಿಗ್ರಿ, ಐಸೊಪೆಂಟೇನ್ 28, ನಿಯೋಪೆಂಟೇನ್ 9.5. ಮೂರರ ಅಣುತೂಕವೂ 72, ಸರಪಳಿಯ ಕವಲು ಮಾತ್ರ ಬೇರೆ. ಉದ್ದ ಸರಪಳಿಗಳು ಮೈಗೆ ಮೈ ತಾಗಿಸಿಕೊಳ್ಳುತ್ತವೆ, ದುಂಡಗಿನ ನಿಯೋಪೆಂಟೇನಿಗೆ ತಾಗುವ ಜಾಗವೇ ಕಡಿಮೆ. ಅಧ್ರುವೀಯ ಎಂದರೆ ದುರ್ಬಲ ಎಂದುಕೊಳ್ಳುವವರು ಕಾರ್ಬನ್ ಟೆಟ್ರಾಕ್ಲೋರೈಡ್ ನೋಡಬೇಕು: ಕುದಿಬಿಂದು 77. ಧ್ರುವೀಯವಾದ ಕ್ಲೋರೋಫಾರ್ಮಿನದು 61 ಅಷ್ಟೆ.

ಕರಗುವ ಬಿಂದುವನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಪೆಂಟೇನ್ ಮೈನಸ್ 130ರಲ್ಲಿ ಕರಗಿದರೆ ನಿಯೋಪೆಂಟೇನ್ ಮೈನಸ್ 16.5ರಲ್ಲಿ. ಇವೆರಡರ ನಡುವೆ ಕುದಿಬಿಂದುವಿನ ಕ್ರಮ ತಿರುವುಮುರುವು, ಏಕೆಂದರೆ ಇಲ್ಲಿ ಗೆಲ್ಲುವುದು ಸೆಳೆತವಲ್ಲ, ಸ್ಫಟಿಕದಲ್ಲಿ ಅಣುಗಳು ಎಷ್ಟು ಅಚ್ಚುಕಟ್ಟಾಗಿ ಕೂರುತ್ತವೆ ಎನ್ನುವುದು.